ಮೊದಲ ವರ್ಷ ಪ್ರಶ್ನೆಗೇ ಇರಲಿ

‘ಯಾವ ಟಾಪಿಕ್ ತಗೊಂಡ್ರೆ ಬೇಗ ಮುಗಿಯುತ್ತೆ ಸರ್?’

ವಿಶ್ವವಿದ್ಯಾಲಯಗಳು ಪಿಎಚ್‌.ಡಿ ಅರ್ಜಿ ಕರೆದವೆಂದರೆ ಗಣಿತದಲ್ಲಿ ಎಂ.ಎಸ್ಸಿ ಮುಗಿಸಿದ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲು ಕೇಳುವುದು ಇದನ್ನೇ. ಕೇಳುವುದರಲ್ಲಿ ತಪ್ಪೇನಿಲ್ಲ. ಮನೆಯಲ್ಲಿ ಅಡಿಕೆ ತೋಟದ ಸಾಲ ಇರುತ್ತದೆ, ತಂಗಿಯ ಮದುವೆ ಇರುತ್ತದೆ, ವಯಸ್ಸು ಇಪ್ಪತ್ತನಾಲ್ಕು ದಾಟಿರುತ್ತದೆ. ಆದರೆ ಗಣಿತದ ಸಂಶೋಧನೆಗೆ ಈ ಪ್ರಶ್ನೆಯೊಂದಿಗೆ ಒಳಹೊಕ್ಕವರು ಅದರ ಸೊಗಸು ಕಾಣದೆಯೇ ಹೊರಗೆ ಬರುತ್ತಾರೆ ಎಂಬುದು ನನ್ನ ದೃಢ ಅಭಿಪ್ರಾಯ.

ನಮ್ಮ ಉಬ್ರಾಣಿ ಹೋಬಳಿಯ ಹುಡುಗರಿಗೆ ಈಗ ದೂರ ಹೋಗುವ ಅಗತ್ಯವಿಲ್ಲ. ಒಂದು ಕಡೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, 1987ರದು. ಇನ್ನೊಂದು ಕಡೆ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯ, 2009ರದು. ಎರಡರಲ್ಲೂ ಗಣಿತ ವಿಭಾಗ ಇದೆ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌.ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಬೇಕಾದರೆ ಇನ್ನೆರಡು ವರ್ಷ ಕೇಳಿ ಪಡೆಯಬಹುದು. ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷದ ರಿಯಾಯಿತಿ ಇದೆ. ಕೆಲಸದಲ್ಲಿರುವವರು ಪಾರ್ಟ್‌ಟೈಮ್ ಮಾಡಲೂ ಅವಕಾಶವಿದೆ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ಸಿಗದಿದ್ದರೆ ಬದುಕು ಬಿಗಿ. ಎಷ್ಟೋ ಜನ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡುತ್ತಲೇ ಥೀಸಿಸ್ ಬರೆಯುತ್ತಾರೆ. ಅವರ ಬಗ್ಗೆ ನನಗೆ ತುಂಬ ಗೌರವ.

ಸಿಎಸ್‌ಐಆರ್-ನೆಟ್ ಪರೀಕ್ಷೆಯಿಂದ ಈ ವೇತನಕ್ಕೆ ಅರ್ಹತೆ ಸಿಗುತ್ತದೆ. ಅದರ ಗಣಿತ ಪತ್ರಿಕೆಯ ‘ಸಿ’ ಭಾಗವನ್ನು ಬರೆದವರಿಗೆ ಸಂಶೋಧನೆಯ ರುಚಿ ಸ್ವಲ್ಪ ಹತ್ತಿರುತ್ತದೆ. ಒಂದೊಂದು ಪ್ರಶ್ನೆಗೆ 4.75 ಅಂಕ. ಸರಿಯುತ್ತರ ಒಂದೇ ಇರಬಹುದು, ಎರಡು ಮೂರೂ ಇರಬಹುದು. ಅಷ್ಟನ್ನೂ ಗುರುತಿಸಿದರೆ ಮಾತ್ರ ಅಂಕ. ಅರ್ಧ ಗೊತ್ತಿದ್ದರೆ ಸೊನ್ನೆ. ಹೇಳಿಕೆಯೊಂದು ನಿಜವಾಗಿ ಕಾಣುವುದಕ್ಕೂ ನಿಜವಾಗಿರುವುದಕ್ಕೂ ಇರುವ ಅಂತರ ಅಲ್ಲಿ ಮೈಗೆ ತಾಗುತ್ತದೆ. ಆದರೂ ಅದು ಪರೀಕ್ಷೆ. ಯಾರೋ ಕೇಳಿದ್ದಕ್ಕೆ ನಾವು ಉತ್ತರ ಹುಡುಕುವುದು. ಪಿಎಚ್‌.ಡಿಯಲ್ಲಿ ಏನನ್ನು ಕೇಳಬೇಕು ಎಂಬುದನ್ನೇ ಮೊದಲು ಹುಡುಕಬೇಕು. ಇಲ್ಲಿಯೇ ನಮ್ಮ ಮಕ್ಕಳು ಎಡವುತ್ತಾರೆ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ? ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಡೆದ ಕೆಲಸ ನೋಡಿ. ಶ್ರೀನಿವಾಸ ರಾಮಾನುಜನ್ ತಮ್ಮ ನೋಟ್‌ಬುಕ್ಕುಗಳಲ್ಲಿ ಸಾವಿರಾರು ಸೂತ್ರ ಬರೆದಿಟ್ಟು, ಬಹುಪಾಲಿಗೆ ಸಾಧನೆ (ಪ್ರೂಫ್) ಬರೆಯದೆ 1920ರಲ್ಲಿ ತೀರಿಕೊಂಡರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1957ರಲ್ಲಿ ಆ ಪುಟಗಳನ್ನು ಕೈಬರಹ ಇದ್ದ ಹಾಗೆಯೇ ಅಚ್ಚು ಹಾಕಿತು. 1976ರಲ್ಲಿ ಗಣಿತಜ್ಞ ಜಾರ್ಜ್ ಆಂಡ್ರ್ಯೂಸ್ ಅವರಿಗೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ರಾಮಾನುಜನ್ ಅವರ ‘ಕಳೆದುಹೋದ ನೋಟ್‌ಬುಕ್’ ಸಿಕ್ಕಿತು. ಚಂದ್ರಶೇಖರ ಅಡಿಗರು 1983ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌.ಡಿ ಪ್ರಬಂಧ ಆ ನೋಟ್‌ಬುಕ್ಕಿನ ಮತ್ತು ಅದಕ್ಕೂ ಹಿಂದಿನ ಬರಹಗಳ ಕೆಲವು ಸಮೀಕರಣಗಳ ಕುರಿತದ್ದು. ಎರಡು ವರ್ಷ ಕಳೆಯುವಷ್ಟರಲ್ಲಿ, 1985ರಲ್ಲಿ, ಎರಡನೇ ನೋಟ್‌ಬುಕ್ಕಿನ 16ನೇ ಅಧ್ಯಾಯದ ಮೇಲೆ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ‘ಮೆಮೊಯರ್ಸ್’ ಮಾಲೆಯಲ್ಲಿ ಒಂದು ಸಂಪುಟ ಬಂತು. ಅದರ ಮೇಲೆ ನಾಲ್ಕು ಹೆಸರು: ಅಡಿಗ, ಬ್ರೂಸ್ ಬರ್ನ್ಟ್, ಮೈಸೂರಿನವರೇ ಆದ ಎಸ್. ಭಾರ್ಗವ, ಜಿ.ಎನ್. ವಾಟ್ಸನ್. ವಾಟ್ಸನ್ ತೀರಿಕೊಂಡು ಆಗಲೇ ಇಪ್ಪತ್ತು ವರ್ಷವಾಗಿತ್ತು. ಅವರು ಬಿಟ್ಟುಹೋಗಿದ್ದ ಟಿಪ್ಪಣಿಗಳು ಬಳಕೆಗೆ ಬಂದಿದ್ದವು. ಸತ್ತವರ ಹೆಸರನ್ನು ಹೀಗೆ ಸೇರಿಸಿಕೊಳ್ಳುವ ಸೌಜನ್ಯ ನನಗೆ ಬಹಳ ಇಷ್ಟ.

ಆ ಅಧ್ಯಾಯದ 17ನೇ ನಮೂದು ‘ಒನ್ ಸೈ ಒನ್’ ಎಂದು ಕರೆಸಿಕೊಳ್ಳುವ ಸಂಕಲನ ಸೂತ್ರ. ಎಡಗಡೆ ಎರಡೂ ದಿಕ್ಕಿಗೆ ಅನಂತವಾಗಿ ಸಾಗುವ ಮೊತ್ತ, ಬಲಗಡೆ ಅನಂತ ಗುಣಲಬ್ಧ. ಅದಕ್ಕೆ ಮುದ್ರಿತ ಸಾಧನೆ ಸಿಕ್ಕಿದ್ದೇ 1949 ಮತ್ತು 1950ರಲ್ಲಿ. ಮೈಸೂರಿನವರು ಅಷ್ಟಕ್ಕೆ ತೃಪ್ತರಾಗದೆ ಹೊಸ ಹಾದಿಯಿಂದ ಮತ್ತೆ ಸಾಧಿಸಿದರು. ಆಗಲೇ ಸಾಧಿಸಿದ್ದನ್ನು ಮತ್ತೆ ಯಾಕೆ ಸಾಧಿಸಬೇಕು ಎಂದು ಕೇಳುವವರು ಈ ಸೂತ್ರದೊಳಗೆ ಏನಿದೆ ಎಂಬುದನ್ನು ನೋಡಬೇಕು.

65 ಎಂಬ ಸಂಖ್ಯೆ ತೆಗೆದುಕೊಳ್ಳಿ. 64 ಮತ್ತು 1 ಕೂಡಿದರೆ 65. ಅಂದರೆ ಎಂಟರ ವರ್ಗ, ಒಂದರ ವರ್ಗ. 49 ಮತ್ತು 16 ಕೂಡಿದರೂ 65. ಏಳರ ವರ್ಗ, ನಾಲ್ಕರ ವರ್ಗ. ಹಿಂದುಮುಂದು ಬರೆದದ್ದನ್ನೂ ಧನ ಋಣ ಚಿಹ್ನೆ ಬದಲಿಸಿದ್ದನ್ನೂ ಬೇರೆ ಬೇರೆ ಎಂದೇ ಎಣಿಸಿದರೆ ಒಟ್ಟು 16 ರೀತಿ. ಈಗ 65ರ ಭಾಜಕಗಳನ್ನು ಬರೆಯಿರಿ: 1, 5, 13, 65. ನಾಲ್ಕನ್ನೂ 4ರಿಂದ ಭಾಗಿಸಿದರೆ ಶೇಷ 1. ಶೇಷ 3 ಬರುವ ಭಾಜಕ ಒಂದೂ ಇಲ್ಲ. ಶೇಷ 1ರವು ಎಷ್ಟು, ಶೇಷ 3ರವು ಎಷ್ಟು ಎಂದು ಎಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆದು ನಾಲ್ಕರಿಂದ ಗುಣಿಸಿ: 16. ಯಾವ ಧನ ಪೂರ್ಣಾಂಕ ತೆಗೆದುಕೊಂಡರೂ ಲೆಕ್ಕ ಹೀಗೆಯೇ ಕೂಡಿಬರುತ್ತದೆ. 7ಕ್ಕೆ ಮಾಡಿ ನೋಡಿ, ಸೊನ್ನೆ ಬರುತ್ತದೆ. 7ನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುವುದೇ ಇಲ್ಲ. ಇದು ಯಾಕೋಬಿಯ ಪ್ರಮೇಯ. ‘ಒನ್ ಸೈ ಒನ್’ ಕೈಯಲ್ಲಿದ್ದರೆ ಇದು ಕೆಲವೇ ಸಾಲಿನಲ್ಲಿ ಬಂದುಬಿಡುತ್ತದೆ. ವರ್ಗಗಳಿಗೂ ಭಾಜಕಗಳಿಗೂ ಏನು ನಂಟು ಎಂಬ ಬೆರಗೇ ಅಲ್ಲಿನ ಪ್ರಶ್ನೆ. ಅಂಥ ಪ್ರಶ್ನೆ ಹಿಡಿದವರಿಗೆ ಐದು ವರ್ಷ ಉದ್ದ ಅನ್ನಿಸುವುದಿಲ್ಲ. ಇದಕ್ಕೆ ಉದಾಹರಣೆ ಕರ್ನಾಟಕದವರೇ ಆದ ಗಣಿತಜ್ಞ ಕೆ. ವೆಂಕಟಾಚಲ ಅಯ್ಯಂಗಾರ್, 1908ರಲ್ಲಿ ಹುಟ್ಟಿದವರು. ರಾಮಾನುಜನ್ ಹಾದಿಯಲ್ಲಿ ಎಲಿಪ್ಟಿಕ್ ಫಲನಗಳನ್ನು ಕಟ್ಟಿಕೊಡುವ ಅವರ ಪುಸ್ತಕ ಮದುರೈ ಕಾಮರಾಜ್ ವಿಶ್ವವಿದ್ಯಾಲಯದಿಂದ ಹೊರಬಂದದ್ದು 1988ರಲ್ಲಿ, ಎಂಬತ್ತರ ವಯಸ್ಸಿನಲ್ಲಿ. 2012ರಲ್ಲಿ ಅದು ಮತ್ತೆ ಸಂಪಾದನೆಗೊಂಡು ಬಂತು.

ಹಾಗೆಂದು ಹಳೆಯದನ್ನೇ ಹಿಡಿಯಬೇಕೆಂದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಗ್ರಾಫ್ ಸಿದ್ಧಾಂತಕ್ಕೆ ಹೆಸರಾದದ್ದು. ಅಲ್ಲಿನ ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ್ 1979ರಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಅದರ ತಿರುಳನ್ನು ನಮ್ಮ ಹೋಬಳಿಯಲ್ಲೇ ಕಾಣಬಹುದು. ಒಂದೇ ರಸ್ತೆಯ ಮೇಲೆ ಸಾಲಾಗಿ ಏಳು ಊರು ಇವೆ ಅನ್ನಿ. ಪ್ರತಿ ಊರಿಗೂ ಪಶು ಆಸ್ಪತ್ರೆ ತನ್ನಲ್ಲಿರಬೇಕು, ಇಲ್ಲವೇ ಪಕ್ಕದ ಊರಲ್ಲಿರಬೇಕು. ಎಷ್ಟು ಆಸ್ಪತ್ರೆ ಸಾಕು? ಮೂರು. ಈಗ ಇನ್ನೊಂದು ಷರತ್ತು: ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಔಷಧಿ ಸಾಗಿಸುವಾಗ ಆಸ್ಪತ್ರೆ ಇಲ್ಲದ ಊರನ್ನು ದಾಟಬಾರದು. ಆಗ ಐದು ಬೇಕು. ಎರಡು ತುದಿಯ ಊರು ಮಾತ್ರ ಬಿಡಬಹುದು. ಊರುಗಳನ್ನು ಬಿಂದುಗಳೆಂದೂ ರಸ್ತೆಯನ್ನು ಅವನ್ನು ಜೋಡಿಸುವ ಗೆರೆಗಳೆಂದೂ ಬರೆದರೆ ಅದೇ ಗ್ರಾಫ್; ಹೀಗೆ ಆಸ್ಪತ್ರೆಗೆ ಊರು ಆರಿಸುವುದಕ್ಕೆ ‘ಡಾಮಿನೇಷನ್’ ಎಂದು ಹೆಸರು. ಈ ಎರಡನೆಯ ಸಂಖ್ಯೆಯನ್ನು ಅವರು ಆ ಲೇಖನದಲ್ಲಿ ಅಧ್ಯಯನ ಮಾಡಿದರು. ಮೊಬೈಲ್ ಕಾಲ ಬಂದಮೇಲೆ, ಟವರಿಲ್ಲದೆ ಸಾಧನದಿಂದ ಸಾಧನಕ್ಕೆ ಸಂದೇಶ ದಾಟಿಸುವ ಜಾಲಗಳಲ್ಲಿ ಬೆನ್ನೆಲುಬಾಗಿ ಯಾವ ಸಾಧನಗಳನ್ನು ಆರಿಸಬೇಕು ಎಂದು ಯೋಚಿಸಿದ ಎಂಜಿನಿಯರುಗಳಿಗೆ ಬೇಕಾದದ್ದು ಇದೇ ಕಲ್ಪನೆ.

ಗಮನಿಸಿ, ಅವರೂ ಮಾಡಿದ್ದು ಹಳೆಯ ವ್ಯಾಖ್ಯೆಗೆ ಒಂದು ಷರತ್ತು ಸೇರಿಸಿದ್ದನ್ನೇ. ಆಮೇಲೆ ನಮ್ಮಲ್ಲಿ ಅದೇ ಒಂದು ದಾರಿಯಾಯಿತು. ಹತ್ತಾರು ಬಗೆಯ ಡಾಮಿನೇಷನ್ ಹುಟ್ಟಿಕೊಂಡವು. ಒಂದೊಂದಕ್ಕೂ ಅದೇ ಕೆಲವು ಪರಿಚಿತ ಗ್ರಾಫುಗಳ ಮೇಲೆ ಬೆಲೆ ಕಂಡುಹಿಡಿದರೆ ಒಂದು ಪೇಪರ್. ದ್ರವ ಚಲನಶಾಸ್ತ್ರದಲ್ಲೂ ಅಷ್ಟೇ. ಕಳೆದ ವರ್ಷದ ಸಮೀಕರಣಕ್ಕೆ ಇನ್ನೊಂದು ಪದ ಸೇರಿಸಿ, ಕಂಪ್ಯೂಟರಿನಲ್ಲಿ ಓಡಿಸಿ, ರೇಖಾಚಿತ್ರ ಎಳೆದರೆ ಇನ್ನೊಂದು ಪೇಪರ್. ಸೇರಿಸಿದ ಷರತ್ತು ಹೊಸ ಬಾಗಿಲು ತೆರೆಯಿತೇ ಎಂದು ಯಾರೂ ಕೇಳದಿದ್ದರೆ ಥೀಸಿಸ್ ಆಗುತ್ತದೆ, ಡಿಗ್ರಿಯೂ ಬರುತ್ತದೆ, ಗಣಿತಕ್ಕೆ ಏನೂ ಸೇರುವುದಿಲ್ಲ. ಒಳ್ಳೆಯ ತಲೆಯ ಮಕ್ಕಳು ಹೀಗೆ ಸವೆಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಥೀಸಿಸ್ ಸಲ್ಲಿಸಲು ಪೇಪರ್ ಪ್ರಕಟವಾಗಿರಲೇಬೇಕೆಂಬ ಷರತ್ತನ್ನು ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿದೆ. ವಿಶ್ವವಿದ್ಯಾಲಯಗಳು ತಮ್ಮ ಮಟ್ಟಿಗೆ ಏನೇ ಕೇಳಲಿ, ಆತುರ ಇಳಿಸಲು ಇದೊಂದು ಅವಕಾಶ.

ಆದ್ದರಿಂದ ಕೋರ್ಸ್‌ವರ್ಕ್ ಮುಗಿಯುವ ತನಕ ಟಾಪಿಕ್ ಬಗ್ಗೆ ಅವಸರ ಬೇಡ. ಗೈಡ್ ಹತ್ತಿರ ಹೋಗಿ ಟಾಪಿಕ್ ಕೊಡಿ ಅನ್ನಬೇಡಿ, ಓದಲು ಒಂದು ಪುಸ್ತಕ ಕೊಡಿ ಅನ್ನಿ. ಆ ಪುಸ್ತಕದ ಒಂದು ಅಧ್ಯಾಯದ ಪ್ರತಿ ಸಾಧನೆಯನ್ನೂ ಮುಚ್ಚಿಟ್ಟು ನೀವೇ ಬರೆಯಿರಿ. ಎಲ್ಲಿ ನಿಂತುಹೋಯಿತೋ ಅಲ್ಲಿ ಗುರುತು ಹಾಕಿ. ವಾರಕ್ಕೊಮ್ಮೆ ಬೋರ್ಡಿನ ಮುಂದೆ ನಿಂತು ಹೇಳಿ. ಕೇಳುವವರು ಒಬ್ಬರೇ ಇದ್ದರೂ ಸರಿ. ನನ್ನ ಅನುಭವದಲ್ಲಿ ಪ್ರಶ್ನೆ ಹುಟ್ಟುವುದು ಇಂಥ ಗುರುತುಗಳಿಂದ. ಹಿಂದೆ ಯಾರೇನು ಮಾಡಿದ್ದಾರೆಂದು ನೋಡಲು ಈಗ ಮೈಸೂರಿನ ಲೈಬ್ರರಿಗೆ ಹೋಗಬೇಕಿಲ್ಲ. ಶೋಧಗಂಗಾದಲ್ಲಿ ದೇಶದ ಥೀಸಿಸ್‌ಗಳು ತೆರೆದಿವೆ, ಸಂಶೋಧನಾ ಲೇಖನಗಳ ವಿಮರ್ಶೆ ಕೊಡುವ ‘ಝಡ್‌ಬಿಮ್ಯಾಥ್’ 2021ರಿಂದ ಎಲ್ಲರಿಗೂ ಉಚಿತ. ಉಬ್ರಾಣಿಯಲ್ಲಿ ಸಿಗ್ನಲ್ ಸಿಕ್ಕರೆ ಸಾಕು. ಇನ್ನೂ ಡಿಗ್ರಿ ಓದುತ್ತಿರುವವರು 1993ರಿಂದ ನಡೆದುಬಂದಿರುವ ಎಂಟಿಟಿಎಸ್ ಎಂಬ ಗಣಿತದ ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಿ. ‘ಯಾಕೆ?’ ಎಂದು ಕೇಳುವ ಅಭ್ಯಾಸವನ್ನು ಅಲ್ಲಿ ಹಚ್ಚಿ ಕಳಿಸುತ್ತಾರೆ.

ಮನೆಯವರಿಗೂ ಒಂದು ಮಾತು. ‘ಎಲ್ಲಿಗೆ ಬಂತಮ್ಮ ನಿನ್ ಪಿಎಚ್‌ಡಿ?’ ಎಂದು ಹಬ್ಬಕ್ಕೆ ಬಂದಾಗಲೆಲ್ಲ ಕೇಳುತ್ತೀರಿ. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಹಿಂಗಾರಕ್ಕೆ ಕಾಯುವ ಜನ ನೀವು. ಮೂರನೇ ವರ್ಷ ತೋಟಕ್ಕೆ ಹೋಗಿ ಗೊನೆ ಎಲ್ಲಿ ಅಂತ ಕೇಳುವುದಿಲ್ಲ. ಮಗಳಿಗೂ ಅಷ್ಟು ಕಾಲ ಕೊಡಿ.

ಇನ್ನು ಸೇರಬೇಕೋ ಬೇಡವೋ ಎಂದು ತೂಗುತ್ತಿರುವವರು ಒಂದು ಕೆಲಸ ಮಾಡಿ. ಪಿಎಚ್‌.ಡಿ ವೈವಾ ಮುಚ್ಚಿದ ಕೋಣೆಯಲ್ಲಿ ನಡೆಯುವುದಲ್ಲ. ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಬಂದು ಕೇಳಬಹುದು. ಶಂಕರಘಟ್ಟದಲ್ಲೋ ತೋಳಹುಣಸೆಯಲ್ಲೋ ಗಣಿತದ ವೈವಾ ಇದೆಯೆಂದು ಗೊತ್ತಾದರೆ ವಿಭಾಗದಲ್ಲಿ ಕೇಳಿ, ಅನುಮತಿ ಪಡೆದು ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ವಿಷಯ ಅರ್ಥವಾಗದಿದ್ದರೆ ಚಿಂತೆಯಿಲ್ಲ. ‘ಈ ಪ್ರಶ್ನೆಯನ್ನೇ ಯಾಕೆ ಹಿಡಿದಿರಿ?’ ಎಂದು ಪರೀಕ್ಷಕರು ಕೇಳಿದಾಗ ಎದುರಿಗೆ ನಿಂತವರು ಏನು ಹೇಳುತ್ತಾರೆ ಎಂಬುದನ್ನು ಮಾತ್ರ ಬರೆದುಕೊಂಡು ಬನ್ನಿ.