ನೆರಳನ್ನೂ ಕೆತ್ತಿದ್ದರು

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಪಡುವಣ ಗೋಡೆಯ ಚಿತ್ರವೊಂದಿದೆ. ಡಿಸೆಂಬರ್ ತಿಂಗಳ ಒಂದು ಸಂಜೆ ನಾಲ್ಕು ಗಂಟೆಗೆ, ಜಗತಿಯ ಮೇಲೆ ನಿಂತು, 24 ಎಂಎಂ ಲೆನ್ಸಿನಲ್ಲಿ ನಾನೇ ತೆಗೆದದ್ದು. ಅದರ ರಾ ಫೈಲನ್ನು ಛಾಯಾಗ್ರಹಣ ಕಮ್ಮಟವೊಂದರಲ್ಲಿ 18 ಮಂದಿಗೆ ಹಂಚಿ, ನಿಮಗೆ ತೋಚಿದಂತೆ ಎಡಿಟ್ ಮಾಡಿ ತನ್ನಿ ಎಂದಿದ್ದರು. ಮೊದಲ ಬಹುಮಾನ ಪಡೆದ ರೂಪ ಆಮೇಲೆ ಕ್ಯಾಲೆಂಡರಾಯಿತು, ಸ್ಮರಣ ಸಂಚಿಕೆಯ ಮುಖಪುಟವಾಯಿತು. ಹಾಸನದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಹಿಂದೆ ಕಟ್ಟು ಹಾಕಿಸಿ ತೂಗುಹಾಕಿದ್ದನ್ನೂ ಕಂಡೆ. ಹೋದಲ್ಲೆಲ್ಲ ಅದಕ್ಕೆ ಒಂದೇ ಹೊಗಳಿಕೆ: ಎಷ್ಟು ಸ್ಪಷ್ಟವಾಗಿದೆ, ಒಂದು ಗೆರೆಯೂ ಬಿಟ್ಟುಹೋಗಿಲ್ಲ. ಆ ಚಿತ್ರ ಕೆಟ್ಟಿರುವುದು ಅದರಿಂದಲೇ ಎಂದು ನಾನು ಹೇಳುತ್ತಿದ್ದೇನೆ.

ಹೊಯ್ಸಳ ಶೈಲಿಗೆ ಪೀಠಿಕೆ ಹಾಕುವ ಅಗತ್ಯವಿಲ್ಲ. ಷ. ಶೆಟ್ಟರ್ ಅವರನ್ನೂ ಫೋಕೆಮಾ ಅವರನ್ನೂ ಓದಿದವರಿಗೆ ನಕ್ಷತ್ರಾಕಾರದ ತಳಹದಿ, ಆನೆಯಿಂದ ಹಂಸದವರೆಗಿನ ಪಟ್ಟಿಕೆಗಳು, ಬಳಪದ ಕಲ್ಲು ಇವೆಲ್ಲ ಗೊತ್ತಿರುವ ವಿಷಯ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇಂಥ ಚಿತ್ರಗಳ ಮಳೆಯೇ ಸುರಿದಿದೆ ಎಂಬುದೂ ಗೊತ್ತಿದೆ. ನೇರವಾಗಿ ಗೋಡೆಗೇ ಬರೋಣ.

ಚಿತ್ರದ ಬಲಭಾಗದಲ್ಲಿ ಗಜಾಸುರನನ್ನು ಕೊಂದ ಶಿವನಿದ್ದಾನೆ. ಆನೆಯ ತಲೆ ಅವನ ಕಾಲಡಿಯಲ್ಲಿದೆ. ಸುಲಿದ ಚರ್ಮ ಮೈಯ ಸುತ್ತ ಕಮಾನಿನಂತೆ ಹಿಗ್ಗಿದೆ. ಆ ಚರ್ಮದೊಳಗೆ ದೇವರು ಕುಣಿಯುತ್ತಿದ್ದಾನೆ. ರೂವಾರಿಯ ಮುಂದಿದ್ದ ತೊಡಕನ್ನು ಯೋಚಿಸಿ. ಮೈಯೂ ಕಲ್ಲು, ಚರ್ಮವೂ ಅದೇ ಕಲ್ಲು, ಎರಡರದೂ ಒಂದೇ ಬಣ್ಣ. ಚರ್ಮ ಹಿಂದಿದೆ, ಮೈ ಮುಂದಿದೆ, ನಡುವೆ ಗಾಳಿಯಾಡುತ್ತಿದೆ ಎಂದು ತೋರಿಸುವುದು ಹೇಗೆ? ಬಳಪದ ಕಲ್ಲು ಮೆದು. ಉಳಿಯನ್ನು ನೇರಕ್ಕಷ್ಟೇ ಅಲ್ಲ, ಓರೆಯಾಗಿ, ಆಕೃತಿಯ ಬೆನ್ನ ಹಿಂದಕ್ಕೂ ನುಗ್ಗಿಸಬಹುದು. ಆತ ತೋಳಿಗೂ ಚರ್ಮಕ್ಕೂ ನಡುವಿನ ಕಲ್ಲನ್ನು ತೋಡಿ ತೆಗೆದ. ತೋಡಿದ ಜಾಗದಲ್ಲಿ ಕತ್ತಲು ನಿಂತಿತು. ಬೆರಳಗಲದ ಆ ಕತ್ತಲೇ ತೋಳಿಗೆ ದುಂಡು ಕೊಟ್ಟದ್ದು, ಚರ್ಮಕ್ಕೆ ಸೆಳೆತ ಕೊಟ್ಟದ್ದು. ಇಡೀ ಫಲಕದಲ್ಲಿ ಅತ್ಯಂತ ದುಡಿಮೆಯ ಭಾಗ ಯಾವುದೆಂದು ನನ್ನನ್ನು ಕೇಳಿದರೆ, ಒಡವೆಗಳನ್ನಲ್ಲ, ಏನೂ ಇಲ್ಲದಂತೆ ಕಾಣುವ ಆ ಕಪ್ಪನ್ನು ತೋರಿಸುತ್ತೇನೆ. ಕಲ್ಲನ್ನು ಕೆತ್ತಿದವನೇ ನೆರಳನ್ನೂ ಕೆತ್ತಿದ್ದ.

ಬಹುಮಾನಿತ ಚಿತ್ರ ಅಳಿಸಿದ್ದು ಸರಿಯಾಗಿ ಅದನ್ನೇ. ಶ್ಯಾಡೋ ಸ್ಲೈಡರನ್ನು ಬಲತುದಿಗೆ ಎಳೆದಿದ್ದಾರೆ, ಮೇಲೆ ಕ್ಲಾರಿಟಿ, ಅದರ ಮೇಲೆ ಡಿಹೇಜ್. ಹಲವು ಎಕ್ಸ್‌ಪೋಷರುಗಳನ್ನು ಬೆರೆಸಿ ಮಾಡಬೇಕಾದ ಎಚ್‌ಡಿಆರ್ ನೋಟವನ್ನು ಒಂದೇ ಫೈಲಿನಿಂದ ಹಿಂಡಿ ತೆಗೆದಿದ್ದಾರೆ. ಈಗ ತೋಳಿನ ಹಿಂದಿನ ಪೊಳ್ಳಿನಲ್ಲಿ ಬೂದುಬಣ್ಣದ ಕಲ್ಲು ಎದ್ದು ಬಂದಿದೆ. ಯಾರ ಕಣ್ಣಿಗೂ ಬೀಳಬಾರದೆಂದು ರೂವಾರಿ ಒರಟಾಗಿಯೇ ಬಿಟ್ಟ ಉಳಿಯ ಗಾಯಗಳು ಈಗ ಶಿವನ ಕೈಬಳೆಗಳಷ್ಟೇ ಜೋರಾಗಿ ಕಾಣುತ್ತವೆ. ಜರಿ ಸೀರೆಯನ್ನು ಒಳಮಗ್ಗುಲು ಹೊರಗಾಗಿ ಉಡಿಸಿದಂತಾಗಿದೆ. ದಾರದ ಗಂಟುಗಳೆಲ್ಲ ಕಂಡವು, ಸೀರೆ ಕಾಣಲಿಲ್ಲ. ಚರ್ಮ ಈಗ ಚರ್ಮವಲ್ಲ, ದೇವರ ಬೆನ್ನಿಗಂಟಿದ ಗೋಡೆ. ಕುಣಿತ ನಿಂತುಹೋಗಿದೆ, ಏಕೆಂದರೆ ಕುಣಿಯಲು ಜಾಗವೇ ಇಲ್ಲ.

ಇದು ನನ್ನ ರುಚಿಯ ಮಾತು ಮಾತ್ರವಲ್ಲ, ಫೈಲಿನ ಲೆಕ್ಕವೂ ಹೌದು. 14 ಬಿಟ್ ರಾ ಫೈಲಿನಲ್ಲಿ 16,384 ಮಟ್ಟಗಳಿವೆ ಎಂದು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಅವು ಎಲ್ಲ ಕಡೆ ಸಮನಾಗಿ ಹರಡಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅತಿ ಬೆಳಕಿನ ಮೊದಲ ಸ್ಟಾಪಿಗೇ 8,192 ಮಟ್ಟ ಹೋಗುತ್ತವೆ. ಅದರ ಕೆಳಗಿನದಕ್ಕೆ 4,096. ಹೀಗೆ ಅರ್ಧ ಅರ್ಧವಾಗುತ್ತ ಆರನೆಯ ಸ್ಟಾಪಿಗೆ ಇಳಿಯುವಾಗ ಉಳಿಯುವುದು 256. ಶಿವನ ತೋಳಿನ ಹಿಂದಿನ ಕತ್ತಲು ಅದಕ್ಕಿಂತ ಕೆಳಗಿತ್ತು. ಅಷ್ಟು ಬಡವಾದ ಜಾಗದಿಂದ ವಿವರ ಎತ್ತಿದರೆ ಕಲ್ಲಿನ ಜೊತೆ ಸೆನ್ಸರಿನ ಮರಳೂ ಎದ್ದು ಬರುತ್ತದೆ. ಆ ಮರಳನ್ನು ಅಳಿಸಲು ನಾಯ್ಸ್ ರಿಡಕ್ಷನ್ ಹಚ್ಚಿದರೆ ಕಲ್ಲು ಮೇಣದಂತಾಗುತ್ತದೆ. ಮೇಣವನ್ನು ಮರೆಸಲು ಮತ್ತೆ ಕ್ಲಾರಿಟಿ. ತೋಳಿನ ಅಂಚಿಗುಂಟ ಬಿಳಿಯ ಪಟ್ಟೆಯೊಂದು ಬಂದಿದೆಯಲ್ಲ, ಅದನ್ನು ಒಬ್ಬರು ಪ್ರಭೆ ಎಂದು ಮೆಚ್ಚಿ ಮಾತಾಡಿದರು. ಅಂಚುಗಳ ಕಾಂಟ್ರಾಸ್ಟ್ ಅತಿಯಾದಾಗ ಸಾಫ್ಟ್‌ವೇರು ಬಿಡುವ ಹಾಲೋ ಅದು. ಯಾವ ಕಟ್ಟಡಕ್ಕೆ ಹಚ್ಚಿದರೂ ಬರುತ್ತದೆ, ಬಸ್‌ ನಿಲ್ದಾಣಕ್ಕೆ ಹಚ್ಚಿದರೂ ಬರುತ್ತದೆ.

ಇನ್ನು ಆಕಾಶ. ಡಿಸೆಂಬರಿನ ಆ ಸಂಜೆ ಇದ್ದದ್ದು ಮಾಸಲು ನೀಲಿ, ಒಂದು ಮೋಡವೂ ಇರಲಿಲ್ಲ. ಫೋಟೋಶಾಪ್ 2020ರಲ್ಲಿ ಆಕಾಶ ಬದಲಿಸುವ ಸವಲತ್ತು ಕೊಟ್ಟಿತು. ಬಹುಮಾನಿತ ಚಿತ್ರದಲ್ಲಿ ದೇಗುಲದ ಹಿಂದೆ ಕೆಂಪು ಹೊನ್ನಿನ ಸೂರ್ಯಾಸ್ತ ಬಂದು ಕೂತಿದೆ. ಪಡುವಣ ಗೋಡೆಯ ಚಿತ್ರ ತೆಗೆಯುವವನ ಮುಖ ಯಾವ ದಿಕ್ಕಿಗಿರುತ್ತದೆ? ಮೂಡಣಕ್ಕೆ. ಆ ಬಣ್ಣ ಮೂಡಣದ್ದಾದರೆ ಅದು ಬೆಳಗಿನ ಹೊತ್ತು. ಆಗ ಸೂರ್ಯ ದೇಗುಲದ ಆಚೆಗಿರಬೇಕು, ಈ ಗೋಡೆಯ ಮೇಲೆ ಬಿಸಿಲೇ ಬೀಳಬಾರದು. ಆದರೆ ಬಿಸಿಲು ನನ್ನ ಬೆನ್ನ ಹಿಂದಿನಿಂದ, ಬಲಗಡೆಯಿಂದ, ನೈಋತ್ಯದಿಂದ ಬಂದಿದೆ. ಪ್ರತಿ ಮೂಗಿನ, ಪ್ರತಿ ಮೊಣಕೈಯ ನೆರಳು ಎಡಕ್ಕೆ ಬಿದ್ದಿದೆ. ಒಂದೇ ಚಿತ್ರದಲ್ಲಿ ಎರಡು ಸೂರ್ಯ. ತೀರ್ಪುಗಾರರಲ್ಲಿ ಒಬ್ಬರಿಗಾದರೂ ಇದು ಕಾಣಬೇಕಿತ್ತು. ದೇವಾಲಯವೆಂದರೆ ಮೊದಲು ದಿಕ್ಕು. ದಿಕ್ಕು ಹಿಡಿದ ಮೇಲೆ ತಾನೆ ಅದನ್ನು ಕಟ್ಟುವುದು.

ಆ ಕೆಂಪು ಕಲ್ಲಿಗೂ ಹರಿದಿದೆ. ಹಸಿರು ಛಾಯೆಯ ಕರಿಬೂದು ಕಲ್ಲು ಬಾದಾಮಿಯ ಮರಳುಗಲ್ಲಿನಂತಾಗಿದೆ. ಇದನ್ನು ಹೆಚ್ಚು ಬೆಳೆಸುವುದಿಲ್ಲ, ಹಳೇಬೀಡು ನೋಡಿದವರಿಗೆ ಒಂದು ಮಾತು ಸಾಕು.

ನ್ಯಾಯಕ್ಕೆ ಒಂದು ಮಾತು ಹೇಳಬೇಕು. ಕೆಳಗಿನ ಆನೆಗಳ ಸಾಲು, ಸವಾರರ ಸಾಲು ಆ ಚಿತ್ರದಲ್ಲಿ ಚೆನ್ನಾಗಿ ಬಿಡಿಸಿಕೊಂಡಿವೆ. ಬಿರುಕು ಎಲ್ಲಿದೆ, ತೇಪೆ ಎಲ್ಲಿದೆ ಎಂದು ಹುಡುಕುವ ಸಂರಕ್ಷಣಾ ಎಂಜಿನಿಯರಿಗೆ ನೆರಳೆತ್ತಿದ ಚಿತ್ರ ಬೇಕೇ ಬೇಕು. ಆದರೆ ಅವರು ಅದನ್ನು ಗೋಡೆಗೆ ತೂಗುಹಾಕುವುದಿಲ್ಲ, ಅದಕ್ಕೆ ಸೂರ್ಯಾಸ್ತವನ್ನೂ ಅಂಟಿಸುವುದಿಲ್ಲ.

ಈಗ ನಮ್ಮ ವಿಮರ್ಶಕ ಮಿತ್ರರ ಮಾತಿಗೆ ಬರುತ್ತೇನೆ. ಚಿತ್ರಕ್ಕಿಂತ ಅವರ ಸಮರ್ಥನೆಯೇ ನನ್ನನ್ನು ಹೆಚ್ಚು ಕೆಣಕಿದೆ. ಮೊದಲನೆಯದು ಮನೋಧರ್ಮದ ವಾದ. ನೆಗೆಟಿವ್ ಎಂಬುದು ಸ್ವರಲಿಪಿ, ಪ್ರಿಂಟ್ ಎಂಬುದು ಕಛೇರಿ ಎಂಬರ್ಥದ ಮಾತನ್ನು ಆನ್ಸೆಲ್ ಆಡಮ್ಸ್ ಆಡಿದ್ದ. ಆತ ಪಿಯಾನೋ ಕಲಿತವನು, ಹೋಲಿಕೆ ಅವನಿಗೆ ಸಹಜ. ಅದನ್ನು ನಮ್ಮವರು ಕರ್ನಾಟಕ ಸಂಗೀತಕ್ಕೆ ತಂದು, ಒಂದೇ ಕೃತಿಯನ್ನು ನಾಲ್ವರು ನಾಲ್ಕು ಬಗೆಯಲ್ಲಿ ಹಾಡುವಂತೆ ಒಂದೇ ಫೈಲಿಗೆ ನಾಲ್ಕು ರೂಪ ಇರಲಿ ಎನ್ನುತ್ತಾರೆ. ಇರಲಿ. ಆದರೆ ತೋಡಿಯಲ್ಲಿ ನೆರವಲ್ ಮಾಡುವವರು ಗಂಟೆಗಟ್ಟಲೆ ವಿಹರಿಸಿದರೂ ಚತುಶ್ರುತಿ ರಿಷಭ ಹಿಡಿಯುವುದಿಲ್ಲ. ಹಿಡಿದರೆ ಸಭೆಯ ಮೊದಲ ಸಾಲು ಬೆಚ್ಚಿ ತಲೆ ಎತ್ತುತ್ತದೆ. ಮನೋಧರ್ಮ ಎಂದವರು ರಾಗ ಯಾವುದೆಂದೂ ಹೇಳಬೇಕು. ಈ ಗೋಡೆಯ ಮಟ್ಟಿಗೆ ರಾಗವೆಂದರೆ ಬಿಸಿಲಿನ ದಿಕ್ಕು, ಕಲ್ಲಿನ ಬಣ್ಣ, ಉಳಿಯ ಆಳ. ಆಡಮ್ಸ್ 1941ರಲ್ಲಿ ಹರ್ನಾಂಡೆಜ್ ಎಂಬ ಊರಿನ ಮೇಲೆ ಚಂದ್ರ ಏಳುವ ಚಿತ್ರ ತೆಗೆದ. ಮುಂದಿನ ದಶಕಗಳ ಪ್ರಿಂಟುಗಳಲ್ಲಿ ಆಕಾಶವನ್ನು ಕಪ್ಪಾಗಿಸುತ್ತಲೇ ಹೋದ. ಚಂದ್ರ ಮಾತ್ರ ಎದ್ದ ಕಡೆಯೇ ಉಳಿದ.

ಇನ್ನೊಂದು ವಾದ ಚರಿತ್ರೆಯದು: ಹಳಬರೂ ಮೋಡ ಬರೆದಿದ್ದರಲ್ಲ? ಹೌದು. 1854ರಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ ಲಿನಿಯಸ್ ಟ್ರೈಪ್ ಕಾಗದದ ನೆಗೆಟಿವಿನ ಮೇಲೆ ಮೋಡಗಳನ್ನು ಬಣ್ಣದಲ್ಲಿ ಬಿಡಿಸುತ್ತಿದ್ದ. ಆ ಕಾಲದ ಕಾಗದ ನೀಲಿಗೆ ಮಿತಿಮೀರಿ ಸ್ಪಂದಿಸುತ್ತಿತ್ತು. ಕಲ್ಲು ಸರಿಯಾಗಿ ಮೂಡುವಷ್ಟು ಹೊತ್ತು ತೆರೆದಿಟ್ಟರೆ ಆಕಾಶ ಬೋಳು ಬಿಳಿಯಾಗುತ್ತಿತ್ತು. ಸಾಧನ ನುಂಗಿದ್ದನ್ನು ಅವನು ಕೈಯಿಂದ ತುಂಬಿದ. ನಮ್ಮ ಕ್ಯಾಮೆರಾ ಆಕಾಶವನ್ನು ನುಂಗಿರಲಿಲ್ಲ. ಇದ್ದ ಆಕಾಶವನ್ನು ಕಿತ್ತು ಬೇರೊಂದನ್ನು ತಂದಿಟ್ಟದ್ದಕ್ಕೆ ಟ್ರೈಪ್‌ನನ್ನು ಸಾಕ್ಷಿಗೆ ಕರೆಯುವುದು ಅನ್ಯಾಯ.

ಕಮ್ಮಟದ ಒಬ್ಬ ವಿದ್ಯಾರ್ಥಿ ಜನರೇಟಿವ್ ಫಿಲ್ ಬಳಸಿ ಮೊಂಡಾದ ದೇಗುಲಕ್ಕೆ ಶಿಖರವನ್ನೇ ಕೂರಿಸಿದ್ದ. ಎಲ್ಲರೂ ಅವನನ್ನು ಗದರಿಸಿದರು. ನನಗೆ ಅವನ ಮೇಲೆ ಅಷ್ಟು ಸಿಟ್ಟಿಲ್ಲ. ಜೇಮ್ಸ್ ಫರ್ಗ್ಯೂಸನ್ 1876ರ ತನ್ನ ಗ್ರಂಥದಲ್ಲಿ ಇದೇ ದೇಗುಲಕ್ಕೆ ಶಿಖರಗಳನ್ನು ಸೇರಿಸಿದ ಒಂದು ಕಲ್ಪನೆಯ ಚಿತ್ರ ಅಚ್ಚುಹಾಕಿದ್ದ. ಅದು ಪುನಾರಚನೆ ಎಂದು ಚಿತ್ರದ ಕೆಳಗೇ ಬರೆದಿದ್ದ. ಅದೇ ಊರಿನ ಕೇದಾರೇಶ್ವರ ಗುಡಿಯನ್ನು ಮಾದರಿಯಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಹುಡುಗನ ಶಿಖರ ಯಾವ ಊರಿನದೂ ಅಲ್ಲ, ಲಕ್ಷಾಂತರ ಚಿತ್ರಗಳ ಸರಾಸರಿ. ಆದರೂ ಅದು ಸೇರಿಸಿದ್ದು ಎಂದು ಯಾರಿಗಾದರೂ ಕಾಣುತ್ತದೆ. ನೆರಳು ಕಳೆದದ್ದು ಯಾರಿಗೂ ಕಾಣುವುದಿಲ್ಲ.

ಎಡಿಟಿಂಗೇ ಬೇಡ, ಕ್ಯಾಮೆರಾ ಕೊಟ್ಟದ್ದೇ ಸತ್ಯ ಎನ್ನುವ ಗುಂಪೂ ಒಂದಿದೆ. ಆ ಮಡಿಯೂ ನನಗೆ ಒಗ್ಗದು. ಸೆನ್ಸರಿನ ಪ್ರತಿ ಚುಕ್ಕಿ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ಅಳೆಯುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಚುಕ್ಕಿಗಳಿಂದ ಊಹಿಸುವುದು ಲೆಕ್ಕಾಚಾರ. ಊಹೆ ಮೊದಲೇ ಶುರುವಾಗಿರುತ್ತದೆ. ಜಗತಿಯ ಮೇಲೆ ನಿಂತವನು ಹೆಚ್ಚು ಹಿಂದೆ ಸರಿಯುವಂತಿಲ್ಲ, ಕ್ಯಾಮೆರಾ ಮೇಲಕ್ಕೆತ್ತಲೇಬೇಕು, ಎತ್ತಿದೊಡನೆ ಗೋಡೆ ಹಿಂದಕ್ಕೆ ವಾಲುತ್ತದೆ. ಅದನ್ನು ತಿದ್ದದೆ ಬಿಟ್ಟರೂ ತಪ್ಪು, ಪೂರ್ತಿ ತಿದ್ದಿದರೂ ತಪ್ಪು: ಮೇಲ್ಭಾಗ ಹಿಗ್ಗಿ, ಕುಳ್ಳಗೆ ಗುಂಡಾಗಿರುವ ಹೊಯ್ಸಳ ವಿಗ್ರಹಗಳ ಅಳತೆ ಕೆಡುತ್ತದೆ. ಕ್ಯಾಪ್ಚರ್ ಒನ್ ತಂತ್ರಾಂಶ ಈ ತಿದ್ದುಪಡಿಯನ್ನು ತಾನಾಗಿ ಶೇ. 80ಕ್ಕೆ ನಿಲ್ಲಿಸುತ್ತದೆ. ತಲೆಯೆತ್ತಿ ನೋಡುವ ಕಣ್ಣಿಗೆ ಕೊಂಚ ವಾಲಿಕೆ ಬೇಕು ಎಂಬ ಅನುಭವ ಅದರಲ್ಲಿದೆ.

ಅಷ್ಟಕ್ಕೇ ನಿಲ್ಲಿಸಿದ ಒಂದು ಪ್ರಿಂಟ್ ಕಮ್ಮಟದಲ್ಲೂ ಇತ್ತು. ಹಾಸನದ ಕಡೆಯವರೊಬ್ಬರದು, ಮದುವೆ ಆಲ್ಬಂ ಮಾಡುವ ಸ್ಟುಡಿಯೋ ಅವರದು, ಡಾರ್ಕ್‌ರೂಮಿನ ಕಾಲದಿಂದ ಕೈ ಪಳಗಿದವರು. ತೀರ್ಪುಗಾರರು ಮಂಕಾಗಿದೆ ಎಂದು ಮೊದಲ ಸುತ್ತಿನಲ್ಲೇ ಬದಿಗಿಟ್ಟರು. ಅವರು ಮಾಡಿದ್ದು ಇಷ್ಟು: ಬಣ್ಣದ ಸಮತೋಲ ಸರಿಪಡಿಸಿ ಕಲ್ಲಿಗೆ ಅದರ ಹಸಿರು ಮರಳಿಸಿದ್ದರು, ವಾಲಿಕೆಯನ್ನು ಮುಕ್ಕಾಲು ಪಾಲು ತಿದ್ದಿದ್ದರು, ಮಾಸಲು ಆಕಾಶವನ್ನು ಮೇಲಂಚಿನಲ್ಲಿ ತುಸು ಬರ್ನ್ ಮಾಡಿದ್ದರು. ನೆರಳಿಗೆ ಕೈ ಹಾಕಿದ್ದು ಒಂದೇ ಕಡೆ. ಮೇಲಿನ ಲತಾತೋರಣದ ನೆರಳು ಶಿವನ ಮುಖದ ಮೇಲೆ ಬಿದ್ದಿತ್ತು. ಅಲ್ಲಿ ಮೆತ್ತಗಿನ ಬ್ರಶ್ಶಿನಿಂದ ಅರ್ಧ ಸ್ಟಾಪಿನಷ್ಟು ಡಾಡ್ಜ್ ಮಾಡಿದ್ದರು, ಕಣ್ಣು ಮೂಡುವಷ್ಟು. ತೋಳಿನ ಹಿಂದಿನ ಕಪ್ಪು ಕಪ್ಪಾಗಿಯೇ ಇತ್ತು. ಆ ಪ್ರಿಂಟಿನ ಮುಂದೆ ನಿಂತಾಗ ನನ್ನ ಕೈ ತಾನಾಗಿ ಆ ಪೊಳ್ಳಿನತ್ತ ಹೋಯಿತು. ಬೆರಳು ಹಿಡಿಸುತ್ತದೆ ಅನ್ನಿಸಿತು. 18 ರೂಪಗಳಲ್ಲಿ ದೇಗುಲ ಇದ್ದದ್ದು ಇದೊಂದರಲ್ಲಿ.

ಊಟದ ಹೊತ್ತಿನಲ್ಲಿ ಅವರನ್ನು ಹುಡುಕಿಕೊಂಡು ಹೋಗಿ, ಉಳಿದ ನೆರಳು ಯಾಕೆ ಎತ್ತಲಿಲ್ಲ ಎಂದು ಕೇಳಿದೆ.

"ಮದುವೆ ಹೆಣ್ಣಿನ ಮೂಗಿನ ಪಕ್ಕದ ನೆರಳು ತೆಗೆದ್ರೆ ಮುಖ ತಟ್ಟೆ ಆಗೋಗುತ್ತೆ ಸಾರ್. ಇದೂ ಮುಖಾನೇ ಅಲ್ವಾ?"

ಆಮೇಲೆ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ನಾಲ್ಕು ಗಂಟೆ ಆಜುಬಾಜಿನಲ್ಲಿ ತೆಗೆದಿದ್ದಲ್ವಾ ಎಂದರು. ಹೇಗೆ ಗೊತ್ತಾಯಿತು ಎಂದೆ.

"ಪಡುವಣ ಗೋಡೆ, ಬಲಗಡೆಯಿಂದ ಬಿಸಿಲು, ಚಳಿಗಾಲದ ಬಿಸಿಲು. ಇನ್ನೊಂದು ಗಂಟೆ ಕಾಯ್ಬೇಕಿತ್ತು ಸಾರ್ ನೀವು. ಹೊತ್ತು ಇಳಿದ್ಮೇಲೆ ಬಿಸಿಲು ತೋರಣದ ಕೆಳಗಿಂದ ಒಳಕ್ಕೆ ಹೋಗುತ್ತೆ. ಆ ಚರ್ಮದ ಒಳಗೆ ಏನಿದೆ ಅಂತ ಅದೇ ತೋರಿಸುತ್ತೆ, ಒಂದು ಹತ್ತು ನಿಮಿಷ."