ಕಥಾಸಂಗ್ರಹದಲ್ಲಿ ಅತಿವ್ಯಾಪ್ತಿ

ಪ್ರಾಚೀನ ಕಥೆಗಳನ್ನು ಸಂಗ್ರಹಿಸಿ ಬರೆಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವಾಗ, ಕಥೆಯ ನೀತಿಯನ್ನೇ ಅದರ ಸಂಗ್ರಹವೆಂದು ಒಪ್ಪುವ ರೂಢಿಯುಂಟು. ಇದು ವಿಚಾರಣೀಯವಾದುದು.

ಕನ್ನಡ ಶಾಲೆಗಳಿಗೆ ಚಿರಪರಿಚಿತವಾದ ಗೋವಿನ ಹಾಡನ್ನೇ ತೆಗೆದುಕೊಳ್ಳಬಹುದು. ಸತ್ಯವೇ ಶ್ರೇಷ್ಠವೆಂದು ಈ ಕಥೆಯು ತಿಳಿಸುತ್ತದೆ ಎಂದು ಬರೆದರೆ, ಆ ವಾಕ್ಯವು ಹರಿಶ್ಚಂದ್ರನ ಕಥೆಗೂ ಸಲ್ಲುವುದು. ತಾರ್ಕಿಕರು ಇದನ್ನು ಅತಿವ್ಯಾಪ್ತಿಯೆನ್ನುವರು. ಎರಡಕ್ಕೂ ಸಲ್ಲುವುದು ಒಂದರ ಸಂಗ್ರಹವೂ ಆಗಲಾರದು. ನೀತಿಯೇ ಕಥೆಯ ಫಲವಲ್ಲವೆ ಎಂದರೆ, ಅಹುದು. ಆದರೆ ಫಲವನ್ನು ಹೆಸರಿಸಿದ ಮಾತ್ರಕ್ಕೆ ವೃಕ್ಷವನ್ನು ವರ್ಣಿಸಿದಂತಾಗದು.

ಯಾವ ಘಟನೆಯನ್ನು ತೆಗೆದರೆ ಮುಂದಿನದು ನಿಷ್ಕಾರಣವಾಗುವುದೋ ಅದನ್ನು ಉಳಿಸಬೇಕು. ಕಾಳಿಂಗನು ಕರೆಯುವ ಹಸುಗಳ ಹೆಸರುಗಳನ್ನು ಬಿಟ್ಟರೆ ಹಾಡಿನ ಸೊಗಸು ಕುಂದೀತು, ಕಥೆ ಕೆಡದು. ಪುಣ್ಯಕೋಟಿಯು ಕರುವನ್ನು ಇತರ ಹಸುಗಳಿಗೆ ಒಪ್ಪಿಸುವುದನ್ನು ಬಿಟ್ಟರೆ, ಸಾವನ್ನು ನಿಶ್ಚಯಿಸಿಕೊಂಡೇ ಅದು ಹುಲಿಯ ಬಳಿಗೆ ಮರಳಿತೆಂಬುದು ಕಾಣದು. ಹುಲಿಯು ಪಶ್ಚಾತ್ತಾಪದಿಂದ ಪ್ರಾಣ ಬಿಟ್ಟುದನ್ನು ಬಿಟ್ಟರಂತೂ, ಸತ್ಯವು ಕ್ರೂರಜಂತುವಿನ ಮನಸ್ಸನ್ನೂ ತಿರುಗಿಸಿತೆಂಬ ವಿಶೇಷವೇ ನಷ್ಟವಾಗುವುದು.

ಹಾಗೆಂದು ಸಂಕ್ಷೇಪವು ಮಿತಿಮೀರಲೂಬಾರದು. 11ನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರ, ಸೋಮದೇವರಿಬ್ಬರೂ ಬೃಹತ್ಕಥೆಯ ವಸ್ತುವನ್ನು ಸಂಗ್ರಹಿಸಿದರು. ಕ್ಷೇಮೇಂದ್ರನ ಬೃಹತ್ಕಥಾಮಂಜರಿಯು ಅತಿಸಂಕೋಚದಿಂದ ಅಲ್ಲಲ್ಲಿ ದುರ್ಬೋಧವಾಗಿದೆ. ಸೋಮದೇವನ ಕಥಾಸರಿತ್ಸಾಗರವು 21,000ಕ್ಕೂ ಮಿಕ್ಕ ಶ್ಲೋಕಗಳಷ್ಟು ದೀರ್ಘವಾದರೂ ವಿಶದವಾಗಿದೆ. ಸಂಗ್ರಹದ ಗುಣವನ್ನು ಅಳೆಯತಕ್ಕುದು ಕಾರ್ಯಕಾರಣಗಳ ಸ್ಪಷ್ಟತೆಯಿಂದ, ಗಾತ್ರದಿಂದಲ್ಲ.

ಆದುದರಿಂದ ಉಪಾಧ್ಯಾಯರು ವಿದ್ಯಾರ್ಥಿಯನ್ನು ಮೊದಲು ಕೇಳಬೇಕಾದುದು ನೀತಿಯೇನೆಂದಲ್ಲ, ಹುಲಿಯೇಕೆ ಸತ್ತಿತೆಂದು.