ಬಡತನದ ಸ್ತುತಿ, ರಾಗಗಳ ಲೆಕ್ಕ

ಗಂಗೂಬಾಯಿ ಹಾನಗಲ್ಲರನ್ನು ಕುರಿತು ಮುಂಬಯಿಯ ನಮ್ಮ ಮಾಟುಂಗ ಬಡಾವಣೆಯ ರಸಿಕವರ್ಗದಲ್ಲಿ ಎರಡು ಮಾತುಗಳು ಬಹುಕಾಲದಿಂದ ಚಲಾವಣೆಯಲ್ಲಿವೆ. ದಾರಿದ್ರ್ಯವೂ ಅವಮಾನವೂ ಪುಟವಿಟ್ಟುದರಿಂದಲೇ ಆ ಗಾನ ಅಪರಂಜಿಯಾಯಿತೆಂಬ ಸ್ತುತಿ ಒಂದು. ಅವರ ರಾಗಸಂಗ್ರಹ ಪರಿಮಿತ, ಶುದ್ಧಕಲ್ಯಾಣ, ಪೂರಿಯಾ, ಚಂದ್ರಕಂಸಗಳಂಥ ಕೆಲವನ್ನೇ ಮತ್ತೆ ಮತ್ತೆ ಹಾಡಿದರೆಂಬ ಆಕ್ಷೇಪ ಇನ್ನೊಂದು. ಮೈಸೂರು ಅಸೋಸಿಯೇಷನ್ನಿನ ಸಭಾಂಗಣದಿಂದ ಹೊರಬಿದ್ದು ಕಾಫಿಯ ಲೋಟ ಕೈಗೆ ಬರುವಷ್ಟರಲ್ಲಿ ಒಂದೇ ಬಾಯಿ ಎರಡನ್ನೂ ಆಡಿ ಮುಗಿಸಿರುತ್ತದೆ. ಅಭಾವವನ್ನು ತಪಸ್ಸೆಂದು ಹೊಗಳಿ, ಆ ಅಭಾವದ ಪರಿಣಾಮವನ್ನು ಮಾತ್ರ ಕಲಾವಿದೆಯ ದೋಷಪಟ್ಟಿಗೆ ಸೇರಿಸುವ ಈ ನ್ಯಾಯ ನನಗೆ ಅಸಹ್ಯವಾಗಿರುವುದೇ ಈ ಬರೆಹಕ್ಕೆ ಕಾರಣ.

ಘರಾಣೆಗಳನ್ನು, ಎಂದರೆ ಹಿಂದೂಸ್ತಾನಿ ಗಾಯನದ ಪರಂಪರೆಗಳನ್ನು, ತೂಗುವ ತಕ್ಕಡಿಯನ್ನು ಮುಂಬಯಿಗೆ ಕೊಟ್ಟವರು ವಾಮನರಾವ್ ದೇಶಪಾಂಡೆಯವರು. 1961ರ ಅವರ ‘ಘರಂದಾಜ ಗಾಯಕಿ’ ಎಂಬ ಗ್ರಂಥ ಸ್ವರದ ತುದಿಯಲ್ಲಿ ಗಂಗೂಬಾಯಿಯವರ ಕಿರಾಣೆಯನ್ನೂ ಲಯದ ತುದಿಯಲ್ಲಿ ಆಗ್ರಾವನ್ನೂ ಇರಿಸಿ, ನಡುವಣ ಸಮತೋಲದ ಪೀಠವನ್ನು ಜಯಪುರಕ್ಕೆ ದಯಪಾಲಿಸಿತು. ಗ್ರಂಥಕರ್ತರು ಜಯಪುರ ಘರಾಣೆಯ ಗಾಯಕಿ ಮೋಗೂಬಾಯಿಯವರಲ್ಲಿ ಕಲಿತವರಾದುದರಿಂದ ಪೀಠ ಎಲ್ಲಿಗೆ ಹೋಯಿತೆಂಬುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೇನಿದ್ದರೂ, ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟರಾಗಿದ್ದವರ ಆ ತಕ್ಕಡಿಯಲ್ಲಿ ಗಾಯಕರ ಆಯವ್ಯಯಕ್ಕೆ ತಟ್ಟೆಯೇ ಇಲ್ಲದಿರುವುದು. ಆ ತಟ್ಟೆಯನ್ನೂ ಸೇರಿಸಿ ತೂಗಿದರೆ ಕಾಣುವ ಚಿತ್ರ ಬೇರೆ. ಅಪ್ರಚಲಿತ ರಾಗಗಳ ಭಂಡಾರ ಜಯಪುರದವರಲ್ಲಿ ಶೇಖರವಾದುದು ಆ ಘರಾಣೆಯ ಮೂಲಪುರುಷ ಅಲ್ಲಾದಿಯಾಖಾನರಿಗೆ ಕೊಲ್ಲಾಪುರದ ಶಾಹೂ ಮಹಾರಾಜರ ಆಶ್ರಯವಿದ್ದ ಕಾಲದಲ್ಲಿ. ತಿಂಗಳ ವೇತನ ತಪ್ಪದಿರುವವನಿಗೆ ರಾಗಗಳನ್ನು ಕೂಡಿಸಿ ಬಿಡಿಸಿ ನೋಡುವ ವ್ಯವಧಾನವಿರುತ್ತದೆ. ಕಿರಾಣೆಯ ಅಬ್ದುಲ್ ಕರೀಂಖಾನರಾದರೋ ಬಾಳಸಂಗಾತಿ ತಾರಾಬಾಯಿಯವರೊಡನೆ ಬರೋಡೆಯ ದರಬಾರನ್ನೇ ತೊರೆದು ಮುಂಬಯಿಗೆ ಬಂದವರು, ವಿದ್ಯಾಲಯವನ್ನೂ ಪ್ರವಾಸವನ್ನೂ ನಂಬಿ ಬಾಳಿದವರು, 1937ರಲ್ಲಿ ಪಾಂಡಿಚೇರಿಯ ದಾರಿಯಲ್ಲಿ ರೈಲುನಿಲ್ದಾಣವೊಂದರಲ್ಲಿ ದೇಹವಿಟ್ಟವರು. ಅವರ ಶಿಷ್ಯ ಸವಾಯಿ ಗಂಧರ್ವರು ಮರಾಠೀ ನಾಟಕ ಮಂಡಳಿಗಳಲ್ಲಿ ಸ್ತ್ರೀಪಾತ್ರ ಧರಿಸಿ ಜೀವಿಸಿದರು. ಕರೀಂಖಾನರ ಮಗಳು ಹೀರಾಬಾಯಿ ಬಡೋದೇಕರರು ಮುಳುಗಿದ ನಾಟಕ ಕಂಪನಿಯ ಸಾಲವನ್ನು ವರ್ಷಗಟ್ಟಲೆ ಹಾಡಿ ತೀರಿಸಿದರು. ಟಿಕೆಟ್ಟು ಕೊಂಡವನ ಮುಂದೆ ಹಾಡುವವರಿಗೆ ಅವನು ಗುರುತಿಸಬಲ್ಲ ರಾಗವೇ ಗತಿ. ಆ ಪರಿಚಿತ ರಾಗದಲ್ಲೇ ಅಪರಿಚಿತವಾದುದನ್ನು ತೋರಿಸುವುದು ಕಿರಾಣೆಯ ವಿದ್ಯೆಯಾಯಿತು.

ಮಲ್ಲಿಕಾರ್ಜುನ ಮನಸೂರರೂ ಬಡವರೇ ಆಗಿದ್ದರಲ್ಲ, ಅವರ ಬಳಿ ಅಷ್ಟೊಂದು ಅಪರೂಪದ ರಾಗಗಳಿದ್ದುದು ಹೇಗೆಂದು ಕೇಳುವವರುಂಟು. ಮನಸೂರರು ನನಗೂ ಪೂಜ್ಯರು. ಆದರೆ ಅಲ್ಲಾದಿಯಾಖಾನರ ಮಕ್ಕಳಾದ ಮಂಜೀಖಾನ, ಬುರ್ಜೀಖಾನರ ಮೂಲಕ ಅವರಿಗೆ ಬಂದುದು ದರಬಾರಿನ ನೆರಳಿನಲ್ಲಿ ಕೂಡಿಟ್ಟ ಪಿತ್ರಾರ್ಜಿತವೇ.

ಗಂಗೂಬಾಯಿಯವರಿಗೆ ಅಂಥ ಪಿತ್ರಾರ್ಜಿತವಿರಲಿಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಆ ಮಗುವಿಗೆ ತಾಯಿ ಅಂಬಾಬಾಯಿಯಿಂದ ಬಂದುದು ಕರ್ನಾಟಕ ಸಂಗೀತದ ಸಂಸ್ಕಾರ ಮತ್ತು ಊರಿನ ಸವರ್ಣೀಯರ ತಾತ್ಸಾರ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತಗೀತೆ ಹಾಡಿದ ಬಾಲಿಕೆ, ಊಟದ ಎಲೆ ತೆಗೆಯಲು ತನಗೆ ಹೇಳಿಬಿಟ್ಟಾರೆಂದು ಅಂಜಿಕೊಂಡಿದ್ದಳು. ಮಗಳಿಗೆ ಹಿಂದೂಸ್ತಾನಿ ಕಲಿಸಲೆಂದೇ ತಾಯಿ ಹುಬ್ಬಳ್ಳಿಗೆ ಸಂಸಾರ ಸಾಗಿಸಿದಳು. ಮಗಳಿಗೆ ಇಪ್ಪತ್ತು ತುಂಬುವ ಮೊದಲೇ ತೀರಿಕೊಂಡಳು. ಬಾಳಿನ ಜೊತೆಗಾರರಾದ ಗುರುರಾವ್ ಕೌಲಗಿಯವರು ಕಾನೂನು ಓದಿದವರು, ಆದರೆ ಅವರು ಕೈಯಿಟ್ಟ ಉದ್ಯಮಗಳು ಕೈಹಿಡಿಯಲಿಲ್ಲ. ಮನೆಯ ಭಾರ ಒಂದು ಕಂಠದ ಮೇಲೆ ಬಿತ್ತು. ‘ಗಾಂಧಾರಿ’ ಎಂಬ ಹೆಸರಿನಿಂದ ಅವರ ಗ್ರಾಮಫೋನ್ ತಟ್ಟೆಗಳು ಹೊರಬಂದುದೂ, ಭಾವಗೀತೆ ಹಾಡಿದುದೂ ಈ ಕಾಲದಲ್ಲಿಯೇ. ಮೂವತ್ತರ ದಶಕದ ಕೊನೆಯಲ್ಲಿ ಸವಾಯಿ ಗಂಧರ್ವರು ಕುಂದಗೋಳದಲ್ಲಿ ನೆಲೆನಿಂತ ಮೇಲಷ್ಟೇ ಕ್ರಮವಾದ ಪಾಠ. ಅದಕ್ಕೂ ಮನೆಗೆಲಸ ಮುಗಿಸಿ, ಹುಬ್ಬಳ್ಳಿಯಿಂದ ರೈಲು ಹತ್ತಿ, ರಾತ್ರಿ ರೈಲಿನಲ್ಲಿ ಹಿಂದಿರುಗಬೇಕು. ಹೀಗೆ ಸಂಪಾದಿಸಿದ ವಿದ್ಯೆಯನ್ನು ರಾಗಗಳ ಎಣಿಕೆಯಿಂದ ಅಳೆಯುವುದಕ್ಕಿಂತ ಒರಟಾದ ಅಭಿರುಚಿ ಇನ್ನೊಂದಿರಲಾರದು.

ಗಂಟಲಿನ ಚಿಕಿತ್ಸೆಯ ಬಳಿಕ ದಪ್ಪವಾದ ಆ ಧ್ವನಿಯನ್ನು ಗಂಡುಧ್ವನಿಯೆಂದು ಕರೆದು ಕೈತೊಳೆದುಕೊಂಡವರು, ಶುದ್ಧಕಲ್ಯಾಣದ ವಿಲಂಬಿತದಲ್ಲಿ ಅವರು ಮಂದ್ರದಿಂದ ಷಡ್ಜಕ್ಕೆ ಏರಿಬರುವ ಬಗೆಯನ್ನು ಗಮನಿಸಿದಂತಿಲ್ಲ. ಅಲ್ಲಿ ಲಾಲಿತ್ಯದ ಆಮಿಷವಿಲ್ಲ, ಹರಕತ್ತುಗಳ ಜರಿಯಂಚಿಲ್ಲ. ಒಂದು ಸ್ವರವನ್ನು ಬಿಟ್ಟು ಮುಂದಕ್ಕೆ ಸರಿಯುವ ಮುನ್ನ ಅದರ ಸರ್ವಸ್ವವನ್ನೂ ವಸೂಲು ಮಾಡಿಕೊಳ್ಳುವ ಒಂದು ಹಟವಿದೆ. ಸಹಶಿಷ್ಯ ಭೀಮಸೇನ ಜೋಶಿಯವರ ತಾನಗಳಿಗೆ ಜಗತ್ತು ಮಾರುಹೋಗಿರಲಿ. ರಾಗವನ್ನು ಮೆಲ್ಲಮೆಲ್ಲನೆ ಬೆಳೆಸುವ ಗುರುವಿನ ಬಢತ್ತಿನ ಸಂಯಮ ಉಳಿದುದು ಈ ಶಿಷ್ಯೆಯಲ್ಲಿ ಎಂಬುದು ನನ್ನ ಪಕ್ಷ, ಪಕ್ಷಪಾತವೆಂದರೂ ಬೇಸರವಿಲ್ಲ. ಆದರೆ ಈ ಸಂಯಮವನ್ನು ಬಡತನದ ಕೊಡುಗೆ ಎನ್ನುವುದು ಮಾತ್ರ ಶುದ್ಧ ಅವಿವೇಕ. ಬಡತನ ಹಾಡು ಕಲಿಸುವುದಾಗಿದ್ದರೆ ಹುಬ್ಬಳ್ಳಿಯ ಓಣಿಗಳಲ್ಲಿ ಗಾಯಕರಿಗೆ ಬರವಿರುತ್ತಿರಲಿಲ್ಲ.

ಮುಸಲ್ಮಾನ ಗಾಯಕ ಉಸ್ತಾದನಾಗುತ್ತಾನೆ, ಹಿಂದೂ ಗಾಯಕ ಪಂಡಿತನಾಗುತ್ತಾನೆ, ಹೆಂಗಸು ಬಾಯಿಯಾಗಿಯೇ ಉಳಿಯುತ್ತಾಳೆಂದು ಅವರೇ ಹೇಳಿದ್ದುಂಟು. ನಾವು ಅದನ್ನು ಚಮತ್ಕಾರದ ಮಾತೆಂದು ನಕ್ಕು, 2002ರಲ್ಲಿ ಪದ್ಮವಿಭೂಷಣ ಬಂದಾಗ ಋಣ ತೀರಿತೆಂದು ತಿಳಿದೆವು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿದೆ. ಆದರೆ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಒಂದು ಹಕ್ಕುಂಟೆಂದು ನಮ್ಮ ಕೃತಿಸ್ವಾಮ್ಯದ ಕಾನೂನು ಒಪ್ಪಿಕೊಂಡುದು 1994ರ ತಿದ್ದುಪಡಿಯಲ್ಲಿ. ವಾಣಿಜ್ಯ ಬಳಕೆಯಲ್ಲಿ ಅವರಿಗೆ ರಾಯಧನ ಸಲ್ಲಬೇಕೆಂದುದು 2012ರಲ್ಲಿ. ಗಂಗೂಬಾಯಿಯವರು ತೀರಿಕೊಂಡುದು 2009ರಲ್ಲಿ.

ಸರಕಾರವನ್ನು ದೂರುವುದು ಸುಲಭ. ನಮ್ಮ ಬಡಾವಣೆಯ ಪರಿಪಾಠವನ್ನೂ ನೋಡಬೇಕಷ್ಟೆ. ಉಡುಪಿ ಖಾನಾವಳಿಯ ಊಟಕ್ಕೆ ಚೌಕಾಶಿ ಮಾಡದೆ ಕಾಸು ಎಣಿಸಿಕೊಡುವ ನಾವು, ಕಛೇರಿಯೆಂದೊಡನೆ ಪುಕ್ಕಟೆ ಪಾಸಿಗಾಗಿ ಪರಿಚಿತರನ್ನು ಅರಸುತ್ತೇವೆ. ಗಾಯಕರಿಗೆ ಹೊದಿಸುವ ಶಾಲಿನ ಬೆಲೆ ತಂಬೂರಿ ಮೀಟಿದ ಹುಡುಗಿಯ ಸಂಭಾವನೆಗಿಂತ ಹೆಚ್ಚಾಗಿರುತ್ತದೆ. ಕಲೆಗೆ ಬೆಲೆ ಕಟ್ಟಲಾಗದೆಂಬ ನಮ್ಮ ಘನವಾಕ್ಯ ಬಹುಮಟ್ಟಿಗೆ ಬೆಲೆ ಕೊಡದಿರುವವರ ವಾಕ್ಯ. ಸಭೆಗಳ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟು: ಶಾಲು, ಹಾರ, ಸ್ಮರಣಿಕೆಗಳ ಬಾಬನ್ನು ತೆಗೆದುಹಾಕಿ, ಆ ಹಣವನ್ನು ಗಾಯಕರಿಗೂ ತಬಲಾ, ಹಾರ್ಮೋನಿಯಂ, ತಂಬೂರಿಗಳವರಿಗೂ ಕಛೇರಿಗೆ ಮುನ್ನವೇ ಸಲ್ಲಿಸಿರಿ, ಪಾಸು ಕೇಳಿಕೊಂಡು ಬಂದವರನ್ನು, ಅವರಲ್ಲಿ ನಾನೊಬ್ಬನಿದ್ದರೂ ಸರಿಯೆ, ಟಿಕೆಟ್ಟಿನ ಕಿಟಕಿಗೆ ಕಳುಹಿಸಿರಿ.